ಅಳಿಯನ ಕೀರಲು ದನಿ

ಗಂಡಸಿನ ಗಂಟಲಲ್ಲಿ ಎರಡು ದನಿಗಳಿರುತ್ತವೆ ಎಂಬುದು ನನ್ನ ನಂಬಿಕೆ. ಒಂದು, ಆಟೋದವನೊಡನೆ ವಾದಿಸಲು ಮತ್ತು ಬಚ್ಚಲಿನಿಂದ ಟವೆಲ್ ಕೇಳಲು ಬಳಸುವ ದಪ್ಪ ದನಿ. ಇನ್ನೊಂದು, ಮೀಸೆ ಮೂಡಿದ ವರ್ಷ ನಾಚಿಕೊಂಡು ಒಳಗೆ ಬಚ್ಚಿಟ್ಟ ಕೀರಲು ದನಿ. ಬಹುತೇಕರು ಈ ಎರಡನೆಯದನ್ನು ಜಿರಲೆ ಕಂಡಾಗ ಮಾತ್ರ ಹೊರತೆಗೆಯುತ್ತಾರೆ. ನಾನು ಅದನ್ನೇ ನಂಬಿ ಸಂಸಾರ ಕಟ್ಟಿದವನಾದ್ದರಿಂದ ಅದರ ಬಗ್ಗೆ ನಾಲ್ಕು ಮಾತಾಡುವ ಅಧಿಕಾರ ನನಗಿದೆ.

ಹಾಸನದ ಹಾಸ್ಟೆಲಿನಲ್ಲಿ ನನ್ನ ಕೋಣೆಯವನ ಹತ್ತಿರ ಒಂದು ಇಂಗ್ಲಿಷ್ ಕ್ಯಾಸೆಟ್ ಇತ್ತು. ಅದರಲ್ಲೊಬ್ಬ ಗಾಯಕ, ಬಿಟ್ಟು ಹೋಗುತ್ತಿರುವ ಹುಡುಗಿಯನ್ನು ಬೇಡಿಕೊಳ್ಳುತ್ತಾ, ಹೆಂಗಸರೂ ಹಿಂಜರಿಯುವಷ್ಟು ಎತ್ತರಕ್ಕೆ ದನಿ ಏರಿಸುತ್ತಿದ್ದ. ಆ ಹಾಡು ಆಗಲೇ ನಮಗಿಂತ ಹಳೆಯದು. ಆದರೂ ಮೆಸ್ಸಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರೆಲ್ಲ ಅದನ್ನೇ ಕೀರುತ್ತಿದ್ದರು. ನನಗೆ ಪೂರ್ತಿ ಬಾಯಿಪಾಠವಾದ ಹಾಡು ಅದೊಂದೇ. ಆಮೇಲೆ ಪರವಾಡದ ಔಷಧ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ವಿಶಾಖಪಟ್ಟಣಕ್ಕೆ ಬಂದೆ. ಹಾಡೂ ನನ್ನ ಜೊತೆ ಬಂತು.

ವಿಜಯವಾಡದಲ್ಲಿ ಹೆಣ್ಣು ನೋಡಲು ಹೋದ ದಿನ ಪದ್ಮ ಶಾಸ್ತ್ರಕ್ಕೆ ಒಂದು ಕೀರ್ತನೆ ಹಾಡಿದಳು. ಮುಗಿದ ಮೇಲೆ ಅವಳಮ್ಮ ನನ್ನ ಕಡೆ ತಿರುಗಿ, ನೀವೂ ಒಂದು ಹಾಡಿ ಬಾಬೂ ಅಂದರು. ಗಂಡಿನಿಂದ ಹಾಡಿಸುವ ಪದ್ಧತಿ ನಮ್ಮ ಕಡೆಯೂ ಇಲ್ಲ, ಅವರ ಕಡೆಯೂ ಇಲ್ಲ. ಗಾಬರಿಯಲ್ಲಿ ನನಗೆ ಗೊತ್ತಿದ್ದ ಆ ಒಂದನ್ನು ಕೀರಲು ದನಿಯ ಸಮೇತ ಹಾಡಿಬಿಟ್ಟೆ. ನಮ್ಮ ಚಿಕ್ಕಪ್ಪ ತಲೆ ತಗ್ಗಿಸಿ ಚಾಪೆಯ ಎಳೆ ಎಣಿಸುತ್ತಿದ್ದರು. ಮಾರನೆಯ ದಿನವೇ ಒಪ್ಪಿಗೆಯ ಫೋನು ಬಂತು. ನನ್ನ ಸಂಗೀತಕ್ಕೆ ಮಾರುಹೋದರೆಂದು ನಾನು ತಿಳಿದೆ.

ಹಾಗೆ ತಿಳಿಯಲು ಆ ಮನೆಯವರೂ ಸಾಕಷ್ಟು ಸಹಕರಿಸಿದರು. ಅಲ್ಲಿ ಅಲ್ಲುಡು, ಅಂದರೆ ಅಳಿಯ, ಬಂದನೆಂದರೆ ಗಟ್ಟಿ ಮೊಸರಿನಿಂದ ಹಿಡಿದು ಫ್ಯಾನಿನ ಕೆಳಗಿನ ಕುರ್ಚಿಯವರೆಗೆ ಎಲ್ಲವೂ ಅವನದೇ. ಅವನು ಏನು ಹೇಳಿದರೂ ಸರಿ, ಏನು ಹಾಡಿದರೂ ಇಂಪು. ಇಪ್ಪತ್ತಾರು ವರ್ಷ ನಾಮಕರಣ, ಗೃಹಪ್ರವೇಶ, ಸಂಕ್ರಾಂತಿ ಒಂದನ್ನೂ ಬಿಡದೆ ಅದೇ ಹಾಡನ್ನು ಹಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಈ ವರ್ಷ ಅತ್ತೆಯವರ ಎಂಬತ್ತನೆಯ ಹುಟ್ಟುಹಬ್ಬ. ಅದಕ್ಕೆ ಒಂದು ತಿಂಗಳ ಮುಂಚೆ, ಋಷಿಕೊಂಡದ ಆಫೀಸಿನಲ್ಲಿ ಕೆಲಸ ಮಾಡುವ ಮಗಳು ಅನಘಾ ತನ್ನ ಫೋನಿನಲ್ಲಿ ಒಂದು ಹೊಸ ಹಾಡು ಕೇಳಿಸಿದಳು. ನೋಡಿದರೆ ನನ್ನದೇ ಹಾಡು, ಯಾರೋ ಹೊಸಬರು ಮತ್ತೆ ಹಾಡಿದ್ದು. ಅವಳ ಆಫೀಸಿನವರೆಲ್ಲ ಈಗ ಅದನ್ನೇ ಗುನುಗುತ್ತಾರಂತೆ. ಅಜ್ಜಿಯ ಹುಟ್ಟುಹಬ್ಬಕ್ಕೆ ತಾನೂ ಹಾಡುತ್ತೇನೆ ಎಂದಳು. ನಾನು ಜಂಬದಿಂದ ಮೇಲಿನ ಸಾಲನ್ನು ಎತ್ತಿಕೊಂಡೆ. ನಡುವೆ ದನಿ ಫಟ್ಟನೆ ಒಡೆಯಿತು. "ನಾನ್ನಾ, ಸ್ವಲ್ಪ ಕೆಳಗಿನ ಶ್ರುತೀಲಿ ಹಾಡು," ಅಂದಳು ಮೃದುವಾಗಿ, ತಾಯಿಯ ತೆಲುಗಿನಲ್ಲಿ ಅಪ್ಪನನ್ನು ಕರೆದು. ಆ ಮೃದುತ್ವವೇ ನನ್ನನ್ನು ಚುಚ್ಚಿತು. ಅಂದಿನಿಂದ ಬಚ್ಚಲಲ್ಲಿ ಗುಟ್ಟಾಗಿ ಅಭ್ಯಾಸ ಶುರು ಮಾಡಿದೆ. ಮೂರನೆಯ ದಿನ ಪದ್ಮ, "ಅಲ್ಲಿ ಹಾಡ್ಬೇಡ್ರೀ, ಕೆಳಗಿನ ಮನೆಯೋರು ಬಂದು ನಿಮ್ಮ ಆರೋಗ್ಯ ವಿಚಾರಿಸ್ಕೊಂಡು ಹೋದ್ರು," ಅಂದಳು.

ವಯಸ್ಸು ನನ್ನ ದನಿಯನ್ನು ಕದ್ದಿತ್ತು. ಆ ಮನೆಯಲ್ಲಿ ನನಗಿದ್ದ ಬೆಲೆಯೆಲ್ಲ ಆ ಒಂದು ಹಾಡಿನದೆಂದು ನಂಬಿದ್ದ ನನಗೆ ನಿಜಕ್ಕೂ ಹೆದರಿಕೆಯಾಯಿತು. ಮಕ್ಕಳ ಮುಂದೆ ನಗೆಪಾಟಲಾಗುವುದಕ್ಕಿಂತ ಗೌರವವಾಗಿ ನಿವೃತ್ತಿಯಾಗುವುದು ಮೇಲು ಎಂದು ನಿರ್ಧರಿಸಿದೆ. ಹುಟ್ಟುಹಬ್ಬದ ಬೆಳಿಗ್ಗೆ ವಿಜಯವಾಡದ ಮನೆಯ ಹಿತ್ತಲಲ್ಲಿ ಗೋಂಗೂರ ಸೊಪ್ಪು ಬಿಡಿಸುತ್ತಿದ್ದ ಅತ್ತೆಯವರ ಪಕ್ಕ ಕುಳಿತು, ಈ ಸಲ ಮಗು ಹಾಡಲಿ, ನನ್ನ ದನಿ ಹೋಗಿಬಿಟ್ಟಿದೆ ಎಂದೆ.

ಅತ್ತೆ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. ಅವರು ತೆಲುಗಿನಲ್ಲಿ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. "ಹೋಗೋದೇನು ಬಾಬೂ, ಮೊದಲನೇ ದಿನವೂ ಅದು ಹೀಗೇ ಇತ್ತು."

ಹಾಗಾದರೆ ಮಗಳನ್ನು ಹೇಗೆ ಕೊಟ್ಟಿರಿ ಎಂದು ಕೇಳಿದೆ. ನನಗಿಂತ ಮೊದಲು ಬಂದಿದ್ದ ಮೂವರು ಗಂಡುಗಳೂ ಎದೆಯುಬ್ಬಿಸಿ ಕುಳಿತಿದ್ದರಂತೆ, ಹಾಡಿ ಎಂದರೆ ಮುಖ ಗಂಟಿಕ್ಕಿದ್ದರಂತೆ. "ನಿಮ್ಮ ದನಿ ಒಡೀತು. ನೀವು ನಿಲ್ಲಿಸಲಿಲ್ಲ, ಹಾಗೇ ಬೇಡ್ಕೊಂಡು ಬೇಡ್ಕೊಂಡು ಪೂರ್ತಿ ಹಾಡಿದಿರಿ. ಇಷ್ಟು ಜನರೆದುರು ಮಾನ ಹೋದ್ರೂ ಚಿಂತೆ ಇಲ್ಲ ಅನ್ನೋನು ಮನೇಲಿ ಹೆಂಡತಿ ಮೇಲೆ ಗದರೋದಿಲ್ಲ ಅಂದ್ಕೊಂಡೆ."

ನನಗೆ ಅವಮಾನವಾಯಿತು, ಜೊತೆಗೇ ಸಂತೋಷವೂ ಆಯಿತು. ಆ ಹಾಡು ಇಷ್ಟು ಕಾಲ ಬಾಳಿರುವುದೂ ಬಹುಶಃ ಇದರಿಂದಲೇ ಇರಬೇಕು. ಗಂಡಸು ಗತ್ತನ್ನೆಲ್ಲ ಬದಿಗಿಟ್ಟು ಬೇಡುವುದನ್ನು ಕೇಳಲು ಪ್ರತಿ ತಲೆಮಾರಿಗೂ ಇಷ್ಟ.

ಸಂಜೆ ಅಪ್ಪ ಮಗಳು ಸೇರಿ ಹಾಡಿದೆವು. ಅನಘಾ ಮೇಲಿನ ಸಾಲನ್ನು ಒಂದು ಬಿರುಕಿಲ್ಲದೆ ಮುಟ್ಟಿದಳು. ಎಲ್ಲರೂ ಮೆಚ್ಚಿ ತಲೆದೂಗಿದರು. ನನ್ನ ಸರದಿಯಲ್ಲಿ ದನಿ ಎಂದಿನ ಜಾಗದಲ್ಲೇ ಒಡೆಯಿತು. ಮನೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಈಗ ವಿಶಾಖಪಟ್ಟಣಕ್ಕೆ ಮರಳಿದ್ದೇವೆ. ಗಂಟಲಿಗೆ ಒಳ್ಳೆಯದೆಂದು ಪದ್ಮ ಜ್ಯೇಷ್ಠಮಧುವಿನ ಕಷಾಯ ಮಾಡಿಟ್ಟಿದ್ದಾಳೆ. ಅವಳು ಅತ್ತ ತಿರುಗಿದಾಗ ಅದನ್ನು ತುಳಸಿ ಗಿಡಕ್ಕೆ ಸುರಿಯುತ್ತೇನೆ. ಈ ವಯಸ್ಸಿನಲ್ಲಿ ದನಿ ಸರಿಹೋಗಿಬಿಟ್ಟರೆ ಅತ್ತೆಮನೆಗೆ ಯಾವ ಮುಖ ಹೊತ್ತುಕೊಂಡು ಹೋಗಲಿ?