ನನಗೆ ಒಂಬತ್ತು ವರ್ಷವೆಂದು ನಂಬಿರುವ ಟ್ಯಾಬ್ಲೆಟ್ ಮಹಾಶಯರಿಗೆ

ಶ್ರೀಮದ್ ಆಂಡ್ರಾಯ್ಡ್ ಟ್ಯಾಬ್ಲೆಟ್ ಮಹಾಶಯರ ಸನ್ನಿಧಿಗೆ,
ಊಟದ ಮೇಜು, ಉಪ್ಪಿನಕಾಯಿ ಜಾಡಿಗೆ ಒರಗಿಕೊಂಡು,
ವೈಯಾಲಿಕಾವಲ್, ಬೆಂಗಳೂರು.

ಮಾನ್ಯರೇ,

ತಮ್ಮ ಬ್ಯಾಟರಿ ಸದಾ ನೂರಕ್ಕೆ ನೂರು ತುಂಬಿರಲಿ, ಗಾಜಿಗೆ ಗೀರು ಬೀಳದಿರಲಿ, ವೈಫೈಗೆ ಯಾರ ದೃಷ್ಟಿಯೂ ತಾಗದಿರಲಿ ಎಂದು ಹಾರೈಸುತ್ತಾ, ಅಕ್ಕಿಪೇಟೆಯಲ್ಲಿ ನಲವತ್ತೆಂಟು ವರ್ಷ ಗೋಣಿಚೀಲದ ವ್ಯಾಪಾರ ಮಾಡಿ, ಈಗ ಅಂಗಡಿಯನ್ನು ಮಗ ಅನಿಲ್ ಕುಮಾರನ ಕೈಗೆ ಕೊಟ್ಟು ಮನೆಯಲ್ಲಿರುವ ಎಪ್ಪತ್ಮೂರು ವರ್ಷದ ದೊಡ್ಡಬೈರಪ್ಪನೆಂಬ ನಾನು, ತಮ್ಮ ಮೇಲಿನ ಈ ದೂರನ್ನು ತಮಗೇ ಸಲ್ಲಿಸುತ್ತಿದ್ದೇನೆ. ತಮ್ಮ ಮೇಲಧಿಕಾರಿಗಳು ಯಾರೆಂದು ಮೂರು ದಿನ ಹುಡುಕಿದೆ. 'ಸಹಾಯ' ಎಂದಿರುವಲ್ಲಿ ಒತ್ತಿದರೆ, ಉತ್ತರವನ್ನೇ ಕೊಡದೆ, ಆ ಉತ್ತರ ನಿಮಗೆ ಉಪಯೋಗವಾಯಿತೇ ಎಂದು ವಿಚಾರಿಸುತ್ತಾರೆ. ಅಂಥ ವಿನಯವಂತರಿಗೆ ತೊಂದರೆ ಕೊಡುವುದು ಬೇಡವೆನಿಸಿತು.

ತಾವು ನಮ್ಮ ಮನೆಗೆ ಬಂದದ್ದು ನನ್ನ ಹುಟ್ಟುಹಬ್ಬದ ದಿನ, ಸೊಸೆ ಮಾಧವಿಯ ಉಡುಗೊರೆಯಾಗಿ. ತಮ್ಮನ್ನು ಸಿದ್ಧಮಾಡಿ ಕೊಡುತ್ತೇನೆಂದು ಆಕೆ ಕೈಚಾಚಿದಳು. ಲಾರಿ ಲೋಡು ಚೀಲಗಳನ್ನು ಒಂದೇ ನೋಟಕ್ಕೆ ವಿಂಗಡಿಸಿದವನಿಗೆ ಒಂದು ಹಲಗೆಯನ್ನು ಹೊಂದಿಸಲು ಬಾರದೇ ಎಂದು ನಾನೇ ಕುಳಿತೆ. ಜನ್ಮದಿನಾಂಕವನ್ನು ತಾವು ಗಾಲಿಯಂತೆ ಉರುಳುವ ಅಂಕಿಗಳಲ್ಲಿ ಕೇಳಿದಿರಿ. ಈ ವರ್ಷದಿಂದ ಸಾವಿರದ ಒಂಬೈನೂರ ಐವತ್ತೆರಡಕ್ಕೆ ಹೋಗುವುದೆಂದರೆ ದೂರದ ಪ್ರಯಾಣ. ಎರಡು ಸಾವಿರದ ಹದಿನಾರರ ತನಕ ಬಂದಿದ್ದೆನಷ್ಟೆ, ಮಾಧವಿ ಕಾಫಿ ತಂದಳು, ಲೋಟ ಹಿಡಿಯಲು ಬಲಗೈ ಹೋಯಿತು, ಎಡಗೈಯ ಹೆಬ್ಬೆರಳು 'ಮುಂದೆ' ಎಂಬುದನ್ನು ಮುಟ್ಟಿತು. ಒಂದು ಲೋಟ ಕಾಫಿಯಲ್ಲಿ ನನ್ನ ಅರವತ್ತನಾಲ್ಕು ವರ್ಷ ಕರಗಿಹೋಯಿತು.

ಆಮೇಲೆ ತಾವು ನನ್ನ 'ಪೋಷಕರ' ಖಾತೆಯನ್ನು ಕೇಳಿದಿರಿ. ನನ್ನ ತಂದೆ ತಾಯಿ ತೀರಿಕೊಂಡು ಬಹಳ ಕಾಲವಾಯಿತು. ಈಗ ನನ್ನನ್ನು ಪೋಷಿಸುತ್ತಿರುವವರು ಯಾರೆಂದು ಪ್ರಾಮಾಣಿಕವಾಗಿ ಯೋಚಿಸಿದಾಗ, ಎರಡು ಹೊತ್ತು ಮುದ್ದೆ ಸಾರು ಹಾಕುತ್ತಿರುವ ನನ್ನ ಧರ್ಮಪತ್ನಿ ಅಕ್ಕಯಮ್ಮನವರ ಹೊರತು ಬೇರೆ ಹೆಸರು ಹೊಳೆಯಲಿಲ್ಲ. ಆಕೆ ದೇವರ ಮನೆಯಲ್ಲಿದ್ದರು. ಅವರ ಮೊಬೈಲನ್ನು ನಾನೇ ತಂದು, ಅದರಲ್ಲಿ ತಾವು ಕೇಳಿದ ಹದಿನೇಳು ಪ್ರಶ್ನೆಗಳಿಗೂ ಅವರ ಪರವಾಗಿ 'ಒಪ್ಪುತ್ತೇನೆ' ಎಂದು ಒತ್ತಿದೆ. ಮದುವೆಯಾದ ನಲವತ್ತಾರು ವರ್ಷಗಳಿಂದ ಅವರ ಪರವಾಗಿ ಒಪ್ಪಿಕೊಳ್ಳುವ ಕೆಲಸ ನನ್ನದೇ ಆಗಿರುವುದರಿಂದ ಇದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ.

ಮುಂದಿನ ಒಂದು ವಾರ ನಾನು ತಮ್ಮನ್ನು ಅಲಂಕರಿಸಿದ ಬಗೆಯನ್ನು ತಾವೇ ಬಲ್ಲಿರಿ. ಹಿನ್ನೆಲೆಗೆ ನಮ್ಮ ಅಂಗಡಿ ಬಾಗಿಲಿನ ಚಿತ್ರ ಹಾಕಿದೆ, ಚುಕ್ಕೆಯಂಥ ಐಕಾನುಗಳನ್ನು ಮೂಟೆ ಪೇರಿಸಿದಂತೆ ಸಾಲಾಗಿ ಪೇರಿಸಿದೆ, ಅಕ್ಷರವನ್ನು ಎಷ್ಟು ದೊಡ್ಡದು ಮಾಡಬಹುದೋ ಅಷ್ಟು ಮಾಡಿದೆ. ಪರದೆಯನ್ನು ಎರಡು ಭಾಗ ಮಾಡುವ ವಿದ್ಯೆಯನ್ನೂ ಕಲಿತು ಒಂದು ಕಡೆ ಪಂಚಾಂಗವನ್ನು, ಇನ್ನೊಂದು ಕಡೆ ಹವಾಮಾನವನ್ನು ಕೂರಿಸಿದೆ. ಇಬ್ಬರಿಗೂ ಒಂದು ದಿನವೂ ಒಮ್ಮತ ಬರಲಿಲ್ಲ. ಮಳೆ ಇಬ್ಬರನ್ನೂ ಕೇಳದೆ ಬಂದು ಹೋಯಿತು.

ಅಷ್ಟರಲ್ಲೇ ತಮ್ಮ ವಾತ್ಸಲ್ಯ ಶುರುವಾಯಿತು. ಸಂಜೆ ಏಳೂವರೆಗೆ ಸರಿಯಾಗಿ ತಾವು ಮಂಕಾಗಿ, ಮಲಗುವ ಹೊತ್ತಾಯಿತೆಂದು ತಿಳಿಸಿದಿರಿ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ನೋಡಿದರೆ ಕಣ್ಣಿಗೆ ಒಳ್ಳೆಯದಲ್ಲವೆಂದು ಬುದ್ಧಿ ಹೇಳಿದಿರಿ. ಸುದ್ದಿ ತೋರಿಸುವ ಆ್ಯಪ್ ಕೇಳಿದರೆ, ಅದು ನನ್ನ ವಯಸ್ಸಿಗೆ ತಕ್ಕದ್ದಲ್ಲವೆಂದಿರಿ. ಈ ಒಂದು ವಿಷಯದಲ್ಲಿ ತಮ್ಮ ಅಭಿಪ್ರಾಯವೇ ನನ್ನದೂ ಆದ್ದರಿಂದ ಸುಮ್ಮನಾದೆ. ಅದರ ಬದಲಿಗೆ ಆನೆಗೆ ಬಣ್ಣ ತುಂಬಲು ಕೊಟ್ಟಿರಿ. ತುಂಬಿದೆ. ಮೂರು ನಕ್ಷತ್ರ ಕೊಟ್ಟು ಶಭಾಷ್ ಎಂದಿರಿ. ನಲವತ್ತೆಂಟು ವರ್ಷದ ವ್ಯಾಪಾರದಲ್ಲಿ ನನಗೆ ಯಾರೂ ಶಭಾಷ್ ಎಂದಿರಲಿಲ್ಲ. ಮಾರನೆಯ ದಿನ ಜಿರಾಫೆಗೂ ತುಂಬಿದೆ. ನನ್ನ ಸಕ್ಕರೆ ಕಾಯಿಲೆಯನ್ನು ಬೆರಳಿನ ಸ್ಪರ್ಶದಲ್ಲೇ ಕಂಡುಹಿಡಿದು ತಾವು ಈ ಪಥ್ಯ ಹಾಕಿದ್ದೀರೆಂದು ನಂಬಿ, ಎದುರುಮನೆಯ ವಾಣಿಯವರಿಗೆ ತಮ್ಮ ವೈದ್ಯಜ್ಞಾನವನ್ನು ಹೊಗಳಿಯೂ ಬಿಟ್ಟೆ.

ಗುಟ್ಟು ಹೊರಬಿದ್ದದ್ದು ಅಕ್ಕಯಮ್ಮನವರ ಮೊಬೈಲಿನಿಂದ. ದೊಡ್ಡಬೈರಪ್ಪ ಇವತ್ತು ಇಷ್ಟು ಹೊತ್ತು ಬಣ್ಣ ತುಂಬಿದ, ದೊಡ್ಡಬೈರಪ್ಪನಿಗೆ ರಮ್ಮಿ ಆಡಲು ನಿಮ್ಮ ಅನುಮತಿ ಬೇಕಂತೆ ಎಂದು ತಾವು ಅವರಿಗೆ ದಿನವೂ ವರದಿ ಒಪ್ಪಿಸುತ್ತಿದ್ದಿರಿ. ಯಾರೋ ಏನನ್ನೋ ಮಾರಲು ಕಳಿಸಿದ್ದಾರೆಂದು ಆಕೆ ವಾರವೆಲ್ಲ ಸುಮ್ಮನಿದ್ದು, ಕೊನೆಗೆ ಸೊಸೆಗೆ ತೋರಿಸಿದರು. ಮಾಧವಿ ಓದಿ, ನಗು ತಡೆಯಲಾರದೆ ಅಡುಗೆಮನೆಯ ನೆಲದ ಮೇಲೇ ಕುಳಿತುಬಿಟ್ಟಳು. ಎದ್ದ ಮೇಲೆ ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು: ಟ್ಯಾಬ್ಲೆಟ್ ಲೆಕ್ಕದಲ್ಲಿ ಮಾವನಿಗೆ ಒಂಬತ್ತು ವರ್ಷ, ಅವರ ಜವಾಬ್ದಾರಿ ನಿಮ್ಮದು, ವಯಸ್ಸನ್ನು ತಿದ್ದಬೇಕಿದ್ದರೂ ನೀವೇ ಒಪ್ಪಬೇಕು. ಈಗಲೇ ತಿದ್ದಿಸು ಎಂದು ನಾನು ಗುಡುಗಿದೆ. ಅಕ್ಕಯಮ್ಮನವರು ಮೊಬೈಲನ್ನು ಸೆರಗಿನಲ್ಲಿ ಒರೆಸುತ್ತಾ ನಿಧಾನವಾಗಿ ಹೇಳಿದರು:

"ಇರ್ಲಿ ಬಿಡಿ. ಎಪ್ಪತ್ಮೂರರಲ್ಲಿ ನೀವು ಯಾರ ಮಾತು ಕೇಳಿದ್ರಿ? ಒಂಬತ್ತರಲ್ಲಾದ್ರೂ ಒಸಿ ಕೇಳ್ತೀರೇನೋ."

ಅಂದಿನಿಂದ ರಮ್ಮಿಗೆ ಅನುಮತಿ ಬೇಕಿದ್ದರೆ ಸಂಜೆ ವಾಕಿಂಗ್ ಆಗಿರಬೇಕು, ಹಳೆಯ ಹಾಡು ಕೇಳಬೇಕಿದ್ದರೆ ಹಾಗಲಕಾಯಿ ಪಲ್ಯ ಖಾಲಿಯಾಗಿರಬೇಕು ಎಂಬ ಕಾನೂನು ಜಾರಿಯಾಯಿತು. ಇದನ್ನು ನಾನು ದೂರೆಂದು ಬರೆಯುತ್ತಿಲ್ಲ. ಕಳೆದ ತಿಂಗಳ ರಕ್ತಪರೀಕ್ಷೆಯಲ್ಲಿ ಸಕ್ಕರೆ ಇಳಿದಿದೆ. ಆದರೆ ಆ ಕೀರ್ತಿ ಹಾಗಲಕಾಯಿಗೆ ಸಲ್ಲಬೇಕೇ ಹೊರತು ತಮಗಲ್ಲವೆಂದು ಇಲ್ಲಿ ದಾಖಲಿಸುತ್ತೇನೆ.

ನನ್ನ ದೂರು ಇರುವುದು ಎರಡನೇ ಶನಿವಾರದ ಬಗ್ಗೆ. ಅಂದು ಗಾಂಧಿನಗರದ ಸಭಾಂಗಣದಲ್ಲಿ ನಮ್ಮ ಗೋಣಿಚೀಲ ವರ್ತಕರ ಸಂಘದ ವಾರ್ಷಿಕ ಸಭೆ, ಜೊತೆಗೆ ಹಿರಿಯ ಸದಸ್ಯನೆಂದು ನನಗೆ ಸನ್ಮಾನ. ಸನ್ಮಾನಕ್ಕೆ ಉತ್ತರವಾಗಿ 'ಗೋಣಿ: ನಿನ್ನೆ, ಇವತ್ತು, ನಾಳೆ' ಎಂಬ ಭಾಷಣವನ್ನು ಮೂರು ವಾರ ಕುಳಿತು ತಮ್ಮಲ್ಲೇ ಬೆರಳಚ್ಚು ಮಾಡಿದ್ದೆ. ನಾನು ಇಟ್ಟಿದ್ದ ಅಕ್ಷರದ ಗಾತ್ರಕ್ಕೆ ಅದು ಮುನ್ನೂರ ಹನ್ನೆರಡು ಪುಟವಾಗಿತ್ತು. ತಮ್ಮಿಂದ ಪೂರ್ತಿ ಪ್ರಯೋಜನ ಪಡೆಯಬೇಕೆಂಬ ಹಟದಿಂದ, ತಮ್ಮನ್ನು ಸಭಾಂಗಣದ ದೊಡ್ಡ ಪರದೆಗೂ ಜೋಡಿಸಿದೆ. ನಾನು ಓದುವುದು ಹಿಂದಿನ ಸಾಲಿನವರಿಗೂ ಕಾಣಲಿ ಎಂಬ ಆಸೆ.

ನಾನು ಮಾಡಿದ ಒಂದೇ ತಪ್ಪೆಂದರೆ ಬೆಳಗ್ಗೆ ಎದ್ದು ಭಾಷಣವನ್ನು ಅಭ್ಯಾಸ ಮಾಡಿದ್ದು. ಎರಡು ಗಂಟೆಯಲ್ಲಿ ಒಂದೂ ಮುಕ್ಕಾಲು ಗಂಟೆ ಮನೆಯಲ್ಲೇ ಮುಗಿದಿತ್ತೆಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಇನ್ನೂರು ಜನ ವರ್ತಕರು ಕುಳಿತಿದ್ದರು. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟು ಅಕ್ಕಯಮ್ಮನವರೂ ಪಕ್ಕದಲ್ಲಿ ಮಾಧವಿಯೂ ಇದ್ದರು. ಹಾರ ಹಾಕಿಸಿಕೊಂಡು, ಪೇಟ ಸರಿಮಾಡಿಕೊಂಡು, ಕಾಲು ಗಂಟೆಯಲ್ಲಿ ನಾನು ಗೋಣಿನಾರಿನ ಚರಿತ್ರೆಯನ್ನು ಮುಗಿಸಿ ಪ್ಲಾಸ್ಟಿಕ್ ಚೀಲದ ಕುತಂತ್ರಕ್ಕೆ ಬಂದಿದ್ದೆ. ಆಗ ತಾವು ಮಂಕಾದಿರಿ. ನನ್ನ ಹಿಂದೆ, ಹನ್ನೆರಡು ಅಡಿ ಎತ್ತರದ ಪರದೆಯ ಮೇಲೆ ಹೊದಿಕೆ ಹೊದ್ದ ಕರಡಿಮರಿಯೊಂದು ನಿದ್ದೆಹೋಗಿತ್ತು. ಅದರ ಕೆಳಗೆ, ನಾನೇ ಆರಿಸಿದ್ದ ಅತಿ ದೊಡ್ಡ ಅಕ್ಷರದಲ್ಲಿ ಹೀಗೆ ಬರೆದಿತ್ತು: ದೊಡ್ಡಬೈರಪ್ಪ, ಇವತ್ತಿಗೆ ಇಷ್ಟು ಸಾಕು. ಇನ್ನೂ ಸಮಯ ಬೇಕಿದ್ದರೆ ನಿಮ್ಮ ಪೋಷಕರನ್ನು ಕೇಳಿ.

ಹಿಂದಿನ ಸಾಲಿನ ಹಿರಿಯರೊಬ್ಬರು ಇದೂ ಭಾಷಣದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಸಂಘದ ಕಾರ್ಯದರ್ಶಿ ರಾಮಾನುಜ ಅವರು ನನ್ನ ಕಿವಿಯ ಹತ್ತಿರ ಬಂದು, ಪೋಷಕರು ಸಭೆಯಲ್ಲಿದ್ದಾರೆಯೇ ಎಂದು ಗಂಭೀರವಾಗಿ ವಿಚಾರಿಸಿದರು. ಭಾಷಣದ ಒಂದಕ್ಷರವೂ ನನಗೆ ಬಾಯಿಗೆ ಬರುತ್ತಿರಲಿಲ್ಲ. ಬೇರೆ ದಾರಿಯಿಲ್ಲದೆ 'ಕೇಳಿ' ಎಂಬುದನ್ನು ಒತ್ತಿದೆ. ಮುಂದಿನ ಸಾಲಿನಲ್ಲಿ ಟಿಣ್ ಎಂದಿತು. ಅಕ್ಕಯಮ್ಮನವರು ಕನ್ನಡಕ ಹುಡುಕಿ, ಹಾಕಿಕೊಂಡು, ಮೊಬೈಲನ್ನು ಓದಿ, ಎದ್ದು ನಿಂತರು.

"ಅದನ್ನ ಒಸಿ ಒತ್ತೇ," ಎಂದೆ. ಮೈಕು ಎದುರಿಗೇ ಇದ್ದದ್ದು ಮರೆತಿತ್ತು.

"ನೋಡೋಣ," ಎಂದರು ಅಕ್ಕಯಮ್ಮನವರು.

ಮಹಾಶಯರೇ, ತಮಗೆ ಈ ಮಾತಿನ ಹಿನ್ನೆಲೆ ತಿಳಿಯದು. ಅದು ನನ್ನ ಮಾತು. ಆರನೇ ತರಗತಿಯ ಪುಸ್ತಕದಲ್ಲಿ ವಿಜಯಪುರದ ಗೋಳಗುಮ್ಮಟದ ಚಿತ್ರ ನೋಡಿದಾಗಿನಿಂದ, ಅಲ್ಲಿ ನಿಂತು ಒಂದು ಸಲ ಕೂಗಿ ಅದು ಏಳು ಸಲ ಮರುದನಿಸುವುದನ್ನು ಕೇಳಬೇಕೆಂಬುದು ಆಕೆಯ ಆಸೆ. ಮದುವೆಯಾದ ಹೊಸತರಲ್ಲಿ ಕೇಳಿದರು, ಅನಿಲ್ ಹುಟ್ಟಿದ ಮೇಲೆ ಕೇಳಿದರು, ಅವನ ಮದುವೆಯಾದ ಮೇಲೂ ಕೇಳಿದರು. ಹಿಂದಿನ ವಾರ ವಾಣಿಯವರ ಮಹಿಳಾ ಮಂಡಳಿಯವರು ಅಲ್ಲಿಗೆ ನಾಲ್ಕು ದಿನದ ಪ್ರವಾಸ ಗೊತ್ತುಮಾಡಿದಾಗಲೂ ಕೇಳಿದ್ದರು. ಪ್ರತಿ ಸಲವೂ ನಾನು ಪೇಪರಿನಿಂದ ತಲೆಯೆತ್ತದೆ ಈ ಮೂರಕ್ಷರವನ್ನೇ ಹೇಳಿದ್ದೆ. ಅದು ಇಲ್ಲವೆಂದಲ್ಲ, ಹೂಂ ಎಂದೂ ಅಲ್ಲ. ಅದನ್ನು ಕೇಳಿಸಿಕೊಂಡು ನಿಂತಿರುವುದು ಎಷ್ಟು ಉದ್ದದ ಕೆಲಸವೆಂದು ನನಗೆ ಗೊತ್ತಾದದ್ದು, ಪೇಟ ತೊಟ್ಟು, ಮಲಗಿದ ಕರಡಿಯ ಮುಂದೆ ನಾನು ನಿಂತ ಆ ಅರ್ಧ ನಿಮಿಷದಲ್ಲಿ. ಬೆವರು ಪೇಟದೊಳಗಿಂದ ಇಳಿದು ಹಾರದೊಳಗೆ ಹೋಯಿತು.

"ಹೋಗ್ಬಾ," ಎಂದೆ.

"ಎಲ್ಲಿಗೆ?" ಆಕೆಗೆ ಗೊತ್ತಿತ್ತು. ಇನ್ನೂರು ಜನರ ಮುಂದೆ ಹೇಳಿಸಬೇಕಿತ್ತು.

"ವಿಜಯಪುರಕ್ಕೆ. ನಾಲ್ಕು ದಿನ. ಹೋಗ್ಬಾ."

ಆಕೆ ಒತ್ತಿದರು. ಕರಡಿಮರಿ ಎದ್ದು ಹೋಯಿತು. ಹದಿನೈದು ನಿಮಿಷ ಸಿಕ್ಕಿತು.

ಉಳಿದ ಇನ್ನೂರ ಎಪ್ಪತ್ತು ಪುಟ ಹದಿನೈದು ನಿಮಿಷಕ್ಕೆ ಹಿಡಿಸುವಂತಿರಲಿಲ್ಲವಾದ್ದರಿಂದ, ತಮ್ಮನ್ನು ಮಗುಚಿಟ್ಟು, ಹತ್ತನೇ ವಯಸ್ಸಿನಲ್ಲಿ ಅಪ್ಪ ನನ್ನ ಕೈಗೆ ಚೀಲ ಹೊಲಿಯುವ ದಬ್ಬಳ ಕೊಟ್ಟದ್ದನ್ನೂ, ಮೊದಲ ದಿನವೇ ಅದು ಅಂಗೈಗೆ ನಾಟಿ, ಅಪ್ಪ ಗಿರಾಕಿಗಳನ್ನು ಬಿಟ್ಟು ಬಂದು ತನ್ನ ಪಂಚೆಯ ಅಂಚು ಹರಿದು ಕಟ್ಟಿದ್ದನ್ನೂ ಹೇಳಿ ಮುಗಿಸಿದೆ. ಇದು ಮುನ್ನೂರ ಹನ್ನೆರಡು ಪುಟದಲ್ಲಿ ಎಲ್ಲಿಯೂ ಇರಲಿಲ್ಲ. ಇಬ್ಬರು ಕಣ್ಣೊರೆಸಿಕೊಂಡರು, ಅವರಲ್ಲಿ ಒಬ್ಬರು ಪ್ಲಾಸ್ಟಿಕ್ ಚೀಲದವರು. ಸಂಘದ ಚರಿತ್ರೆಯಲ್ಲೇ ಊಟದ ಹೊತ್ತಿಗಿಂತ ಮುಂಚೆ ಮುಗಿದ ಮೊದಲ ಭಾಷಣವಿದು ಎಂದು ಹೊಗಳಿದ ರಾಮಾನುಜ ಅವರು, ಮುಂದಿನ ವರ್ಷದಿಂದ ಅಧ್ಯಕ್ಷರನ್ನೂ ಸೇರಿಸಿ ಎಲ್ಲ ಭಾಷಣಕಾರರನ್ನೂ ಒಂಬತ್ತು ವರ್ಷದವರೆಂದೇ ಪರಿಗಣಿಸಬೇಕೆಂಬ ನಿರ್ಣಯ ಮಂಡಿಸಿದರು. ಅಧ್ಯಕ್ಷರೊಬ್ಬರದೇ ವಿರೋಧದ ನಡುವೆ ಅದು ಅಂಗೀಕಾರವಾಯಿತು.

ಅಕ್ಕಯಮ್ಮನವರು ಸೋಮವಾರ ಮಂಡಳಿಯವರ ಜೊತೆ ಹೊರಟರು. ಬುಧವಾರ ಮಧ್ಯಾಹ್ನ ಅವರ ಫೋನು ಬಂತು, ಗುಮ್ಮಟದ ಮೆಟ್ಟಿಲ ಮೇಲಿಂದ, ಏದುಸಿರು ಬಿಡುತ್ತಾ. ಏನೆಂದು ಕೂಗಿದೆ ಎಂದು ಕೇಳಿದೆ. ಅದು ನಿಮಗ್ಯಾಕೆ ಎಂದರು. ಆಮೇಲೆ, ಉಸಿರು ಸುಧಾರಿಸಿಕೊಂಡು, ಹೇಳಿದರು:

"ಮನೇಲಿ ಏಳು ಸಲ ಹೇಳಿದ್ರೂ ಒಂದು ಸಲ ಕೇಳಿಸಲ್ಲ. ಇಲ್ಲಿ ಒಂದು ಸಲ ಹೇಳಿದ್ರೆ ಏಳು ಸಲ ಕೇಳಿಸ್ತದೆ ಕಣ್ರೀ."

ಚೆನ್ನಾಗಿ ಊಟ ಮಾಡು ಎಂದೆ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ನನಗೆ ಒಂಬತ್ತು ವರ್ಷವೆಂದು ತಾವು ಅಷ್ಟು ದೃಢವಾಗಿ ನಂಬಿದ್ದೀರಾದ್ದರಿಂದ, ಸೆಟ್ಟಿಂಗ್ಸ್‌ನಲ್ಲಿ ಎಲ್ಲಾದರೂ ಮಂಡಿ ಎಂಬ ವಿಭಾಗವಿದ್ದರೆ ನನ್ನ ಎರಡೂ ಮಂಡಿಗಳನ್ನು ಆ ವಯಸ್ಸಿಗೆ ಹೊಂದಿಸಿಕೊಡಬೇಕು. ಉದುರಿದ ಹಲ್ಲುಗಳು ಹಾಲುಹಲ್ಲುಗಳೇ ಆಗಿದ್ದವೆಂದು ಪ್ರಮಾಣಪತ್ರ ನೀಡಿ, ಹೊಸವು ಬರುವ ದಿನಾಂಕವನ್ನು ಪಂಚಾಂಗದ ಪಕ್ಕದಲ್ಲಿ ತೋರಿಸಬೇಕು. ಬೇಸಿಗೆ ರಜೆಯಲ್ಲಿ ನನ್ನನ್ನು ಎರಡು ತಿಂಗಳು ಅಜ್ಜಿಯ ಊರಿಗೆ ಕಳಿಸಬೇಕು. ಅಜ್ಜಿ ಈಗ ಇಲ್ಲವೆಂಬ ಸಣ್ಣ ಅಡಚಣೆಯನ್ನು ಮುಂದಿನ ಅಪ್‌ಡೇಟಿನಲ್ಲಿ ನಿವಾರಿಸುವಿರೆಂದು ನಂಬಿದ್ದೇನೆ. ಇವು ಯಾವುವೂ ಆಗದಿದ್ದಲ್ಲಿ ಕೊನೇ ಪಕ್ಷ ಏಳೂವರೆಯ ನಿದ್ದೆಯನ್ನು ಎಂಟಕ್ಕಾದರೂ ತಳ್ಳಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿಯೂ, ತಮ್ಮ ಕಡತದ ಪ್ರಕಾರ ಸಹಿ ಮಾಡಲು ಅರ್ಹತೆಯಿಲ್ಲದವನೂ ಆದ,

ದೊಡ್ಡಬೈರಪ್ಪ

ಮತ್ತೊಂದು ಮಾತು: ಈ ಪತ್ರವನ್ನು ಕಾಗದದ ಮೇಲೆ ಪೆನ್ನಿನಲ್ಲಿ ಬರೆದಿದ್ದೇನೆ. ತಾವು ಇದನ್ನು ಓದಬೇಕಿದ್ದರೆ ತಮ್ಮ ಕ್ಯಾಮೆರಾ ತೆರೆಯಬೇಕು, ಕ್ಯಾಮೆರಾ ತೆರೆಯಲು ನನ್ನ ಪೋಷಕರು ಒಪ್ಪಬೇಕು. ನಾಲ್ಕು ದಿನಕ್ಕೆಂದು ಹೋದ ಪೋಷಕರು ಇವತ್ತಿಗೆ ಎಂಟನೇ ದಿನ ಬಾದಾಮಿಯಲ್ಲಿದ್ದಾರೆ, ಮುಂದೆ ಹಂಪಿಯಂತೆ. ಅಲ್ಲಿಂದಲೇ ಒತ್ತು ಎಂದರೆ, ಬಂದ ಮೇಲೆ ನೋಡೋಣ ಎಂದರು. ಅಲ್ಲಿಯ ತನಕ ತಾವೂ ಕಾಯಬೇಕಾಗುತ್ತದೆ.