ಅಟ್ಟದ ಕಾಯಿದೆ

ಆ ಯುಗಾದಿಗೆ ನಾನೊಂದು ಕಾಯಿದೆ ಮಾಡಿದೆ. ಮಹಾರಾಜರ ಕಾಯಿದೆ ಮೈಸೂರು ಸಂಸ್ಥಾನಕ್ಕೆಲ್ಲ. ನನ್ನದು ಮಧುಗಿರಿಯ ನಮ್ಮ ಮನೆಗೆ ಮಾತ್ರ! "ಅಟ್ಟದಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುವುದೆಲ್ಲ ಹಾಳು ಸಾಮಾನು. ಮನೆಯಿಂದ ಆಚೆಗೆ!"

ಕಾಯಿದೆ ಬೇಕೇ ಬೇಕಿತ್ತು. ಈಗ ಲಿಂಗೈಕ್ಯರಾಗಿರುವ ನಮ್ಮ ಯಜಮಾನರು ಆಗ ಊರಿನ ಡಾಕ್ಟರು. ಹೆಸರು ಬಾಯಲ್ಲಿ ಹೇಳಲಾರೆ, ಬರೆದರೆ ತಪ್ಪಿಲ್ಲವಂತೆ: ಮರುಳಸಿದ್ದಯ್ಯ. ಸುತ್ತಲ ಹಳ್ಳಿಗಳಿಗೆ ಸೂಜಿಮದ್ದು ತೋರಿಸಿದ ಮೊದಲಿಗರು. ಪ್ರಾಣ ಮಾತ್ರ ವಾದ್ಯ ಮಾಡುವುದರಲ್ಲಿ! ಗಾಯ ಹೊಲಿಯುವ ದಾರ ಪಿಟೀಲಿಗೆ. ಎದೆ ನೋಡುವ ಕೊಳವೆ ವೀಣೆಗೆ! ಮಿಕ್ಕ ಮರ, ತಂತಿ, ಬುರುಡೆಯೆಲ್ಲ ಅಟ್ಟಕ್ಕೆ! ಹೊಟ್ಟೆನೋವೆಂದು ಬಂದ ಬೈರಪ್ಪನ ಹೊಟ್ಟೆ ತಟ್ಟಿ, "ಆಹಾ, ಎಂಥ ನಾದ!" ಎಂದರು.

"ನಾದ ಇರ್ಲಿ ಸ್ವಾಮಿ, ನೋವು ಹೋಗಂಗೆ ಮಾಡಿ" ಎಂದ ಅವನು.

ಅಟ್ಟ ಹತ್ತಿದೆ. ಮೂಲೆಯಲ್ಲಿ ಕೊಡದಷ್ಟು ದಪ್ಪದ ಒಣ ಸೋರೆಬುರುಡೆ! ಹಾಲು ತರುವ ಹೊನ್ನಕ್ಕನಿಗೆ ದಾನ ಮಾಡಿ ಬೀಗಿದೆ.

ವಾರ ಕಳೆಯಿತು. ಅಟ್ಟದಿಂದ ಯಜಮಾನರ ಕೂಗು!

"ಲೇ, ನನ್ನ ತಂಬೂರಿ ಬುರುಡೆ ಎಲ್ಲೇ? ಕಳ್ಳಂಬೆಳ್ಳದಿಂದ ತಂದು ಎರಡು ವರ್ಷ ಒಣಗಿಸಿದ್ದು! ಸೋಮವಾರ ಶಿರಾದಿಂದ ಸಂಜೀವಯ್ಯನೋರು ಹಾಡೋಕೆ ಬರ್ತಾರೆ. ನಾನೇ ಮಾಡಿದ ತಂಬೂರೀಲಿ ಶ್ರುತಿ ಅಂತ ಮಾತು ಕೊಟ್ಟಿದೀನಿ!"

"ಇಷ್ಟಕ್ಕೇನಾ? ಈಗ ತಂದೆ" ಎಂದು ಸೆರಗು ಸಿಕ್ಕಿಸಿ ಹೊರಟೆ.

ಹೊನ್ನಕ್ಕನ ಮನೆಯ ಜಂತಿಗೆ ಬುರುಡೆ ನೇತಾಡುತ್ತಿತ್ತು. ಒಳಗೆ ಬೂದಿ ಬೆರೆಸಿದ ಬಿತ್ತನೆ ಅವರೆ. ಬಾಯಿಗೆ ಸಗಣಿ ಮೆತ್ತಿತ್ತು.

"ಸುರಿದು ಕೊಡೇ."

"ಅಯ್ಯೋ, ಮಳೆ ಬೀಳೋಗಂಟ ಬಾಯಿ ತೆಗೆಯಂಗಿಲ್ಲ ಕಣವ್ವ! ಹುಳ ಬೀಳ್ತವೆ."

"ಡಾಕ್ಟರ ಮಾನ ಹೋಗ್ತದೆ ಕಣೇ!"

"ನಮ್ ಬೀಜ ಹೋದ್ರೆ ಡಾಕ್ಟ್ರು ಅವರೆಗೆ ಸೂಜಿ ಹಾಕ್ತಾರಾ?"

ಬರಿಗೈಯಲ್ಲಿ ಬಂದೆ. ಯಜಮಾನರು ಇನ್ನೊಮ್ಮೆ ಅಟ್ಟ ಹತ್ತಿ ಇಳಿದರು. ಕೋಣೆಗೆ ಅಗುಳಿ ಹಾಕಿಕೊಂಡರು. ಮೂರು ದಿನ ಬರೀ ಗರಗಸದ ಸದ್ದು.

ಸೋಮವಾರ ನೋಡಿದರೆ ತಂಬೂರಿ ಸಿದ್ಧ! ಸಂಜೀವಯ್ಯನವರು ಮೀಟಿದರು. ಮನೆಯೆಲ್ಲ ಜುಮ್ಮೆಂದಿತು.

"ಏನ್ ನಾದ ಡಾಕ್ಟ್ರೇ! ಎಲ್ಲಿಯ ಬುರುಡೆ?"

"ಬುರುಡೆ ಅಲ್ಲ ಬುದ್ಧಿ, ಹಳೇ ಹಲಸಿನ ಮರದ್ದು."

ನಾನೇ ಮಾಡಿದಂತೆ ಹಿಗ್ಗಿ ಹತ್ತಿರ ಹೋದೆ. ಅಂಚಿನಲ್ಲಿ ಮೂರು ಹೂವಿನ ಕೆತ್ತನೆ. ನನ್ನ ತವರಿನ ಮರಿಗೆ, ಹಲಸಿನ ಮರದ ಬೋಗುಣಿ! ಹಿಟ್ಟು ಕಲಸಿದರೆ ಸವೆದೀತೆಂದು ಕೊರಟಗೆರೆಯಿಂದ ತಂದವಳೇ ಅಟ್ಟದಲ್ಲಿ ಜೋಪಾನ ಮಾಡಿದ್ದ ಮರಿಗೆ!

"ರೀ, ಇದು ನನ್ನ..."

"ಅಟ್ಟದಲ್ಲಿತ್ತು" ಎಂದರು ಮೆಲ್ಲಗೆ. "ಹನ್ನೆರಡು ವರ್ಷ ಸುಮ್ಮನೆ ಬಿದ್ದಿತ್ತು. ಕಾಯಿದೆ ನಿಂದೇ ಕಣೇ."

ಆ ವರ್ಷ ಮಳೆ ಬೀಳುವವರೆಗೂ ಹೊನ್ನಕ್ಕನ ಬುರುಡೆಯೂ ಬಾಯಿ ತೆರೆಯಲಿಲ್ಲ, ನಾನೂ ತೆರೆಯಲಿಲ್ಲ!