ಪರದೆಯ ಹಿಂದಿನ ನಾಲ್ಕು ಜನರಿಗೆ ಒಂದು ಅಹವಾಲು

ಪರಮಮಾನ್ಯರೇ,

ಏಳುಗೋಪುರ ಸಾಮ್ರಾಜ್ಯವನ್ನು ಪರದೆಯ ಹಿಂದೆ ಕುಳಿತು ಆಳುತ್ತಿರುವ ತಮ್ಮ ನಾಲ್ವರ ಸನ್ನಿಧಾನಕ್ಕೆ ಬಂಟ್ವಾಳದ ದೀಕ್ಷಿತಾ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೆ ಏನಾದರೂ ಆದ ಸುದ್ದಿಯನ್ನು ನಮ್ಮೂರಲ್ಲಿ ಯಾರೂ ಕೇಳಿದ್ದಿಲ್ಲ.

ಮೂಡುಬಿದಿರೆಯಲ್ಲಿ ಸುಹೈಬನ ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಪ್ರತಿ ಭಾನುವಾರ ದಾಳ ಉರುಳಿಸುತ್ತ, ಒಂದೊಂದು ಪಾತ್ರವಾಗಿ ತಮ್ಮ ಸಾಮ್ರಾಜ್ಯದಲ್ಲಿ ಅಲೆಯುವವರಲ್ಲಿ ನಾನೊಬ್ಬಳು. ಕಥೆ ಕಟ್ಟಿ ಆಟ ನಡೆಸುವವನು ಸುಹೈಬ್. ನನ್ನ ಜೊತೆ ಆಡುವವನು ವೇಣೂರಿನ ಸಮ್ಮೇದ್. ಮೊದಲ ದಿನ ಕೊಟ್ಟ ಹಾಳೆಯಲ್ಲಿ 'ಕುಲ' ಎಂದಿದ್ದ ಕಡೆ ಯಕ್ಷ, ಕುಬ್ಜ, ನಾಗ ಎಂದೇನಾದರೂ ತುಂಬಬೇಕಿತ್ತು. ತಾಲೂಕು ಕಚೇರಿಯ ಅರ್ಜಿಗಳನ್ನು ತುಂಬಿದ ಅಭ್ಯಾಸಬಲದಿಂದ ನಾನು ಬಂಟ ಎಂದೂ ಸಮ್ಮೇದ್ ಜೈನ ಎಂದೂ ಬರೆದು, ಕೆಳಗೆ ಸಹಿಯನ್ನೂ ಹಾಕಿದ್ದೆವು. ಸುಹೈಬ್ ನಕ್ಕು ಹೊಸ ಹಾಳೆ ಕೊಟ್ಟ. ದಾಳ ನನ್ನನ್ನು ಬಾವಿ ತೋಡುವ ಕುಬ್ಜೆಯಾಗಿಯೂ ಅವನನ್ನು ಗುಡಿಯ ದೀಪ ಕಾಯುವ ಯಕ್ಷನಾಗಿಯೂ ಮಾಡಿತು. ದಾಳ ಎಸೆದು ಜಾತಿ ಕೊಡುವ ತಮ್ಮ ಕ್ರಮವನ್ನು ಮನಸಾರೆ ಮೆಚ್ಚಿದ್ದೇನೆ. ಕನಿಷ್ಠ ಎಸೆಯುವುದು ಕಣ್ಣಿಗೆ ಕಾಣುತ್ತದೆ.

ಕುಬ್ಜೆಯೂ ಯಕ್ಷನೂ ಮದುವೆಯಾಗಬಾರದೆಂಬ ಶಾಸನದ ಮೂಲ ಹುಡುಕುತ್ತ ನಾವು ಆಟದಲ್ಲಿ ಎಂಟು ತಿಂಗಳು ತಿರುಗಿದೆವು. ಕಾವಲುಗಾರ ಅರ್ಚಕನತ್ತ ಕೈ ತೋರಿದ, ಅರ್ಚಕ ರಾಜನತ್ತ, ರಾಜ ಪರದೆಯತ್ತ. ಪರದೆಯ ಹಿಂದೆ ತಾವು ನಾಲ್ವರಿದ್ದಿರಿ.

ತಮ್ಮ ಆಡಳಿತ ಇಷ್ಟು ವಿಸ್ತಾರವೆಂದು ಆಗ ತಿಳಿದಿರಲಿಲ್ಲ. ಸಮ್ಮೇದನನ್ನು ನಿಜವಾಗಿಯೂ ಮದುವೆಯಾಗುತ್ತೇನೆಂದು ಮನೆಯಲ್ಲಿ ಹೇಳಿದಾಗ ಅಪ್ಪ, "ನಂಗೇನೂ ಅಡ್ಡಿ ಇಲ್ಲ, ಮಾವನ ಹತ್ರ ಒಂದು ಮಾತು ಕೇಳುವ" ಎಂದರು. ಮಾವ, "ಹುಡುಗ ಒಳ್ಳೆಯವನೇ. ಆದ್ರೆ ನಾಲ್ಕು ಜನ ಏನು ಹೇಳ್ತಾರೆ ಮಾರಾಯ್ತಿ?" ಎಂದರು. ವೇಣೂರಿನಲ್ಲಿ ಅವನ ಅಮ್ಮ ಕಮಲಾವತಿಯವರು ನಮ್ಮ ಮನೆಯ ಮೀನಿನ ಸಾರನ್ನು ನೆನೆದು ಸ್ವಲ್ಪ ಅತ್ತು, ಅದನ್ನೂ ದಾಟಿ, ಕೊನೆಗೆ ಅದೇ ನಾಲ್ಕು ಜನರ ಹತ್ತಿರ ಬಂದು ನಿಂತರು. ಎರಡು ತಾಲೂಕು, ಎರಡು ಧರ್ಮ, ನಾಲ್ಕೇ ಜನ! ಇಷ್ಟು ಕಡಿಮೆ ಸಿಬ್ಬಂದಿಯಲ್ಲಿ ಇಷ್ಟು ಚೊಕ್ಕ ಕೆಲಸವನ್ನು ಬೇರೆ ಯಾವ ಇಲಾಖೆಯಲ್ಲೂ ನಾನು ಕಂಡಿಲ್ಲ.

ಆದ್ದರಿಂದ ತಾವು ಒಂದು ದಿನ ನಮ್ಮ ಮನೆಗೆ ದಯಮಾಡಿಸಿ, ಚಾ ಕುಡಿದು, ಹೇಳುವುದೇನಿದೆಯೋ ಅದನ್ನು ಹೇಳಿಬಿಡಬೇಕೆಂದು ವಿನಂತಿ. ಆಟದಲ್ಲಿ ತಮ್ಮನ್ನು ಸೋಲಿಸಲು ಇಪ್ಪತ್ತು ಮುಖದ ದಾಳದಲ್ಲಿ ಹದಿನೆಂಟು ಬಿದ್ದರೆ ಸಾಕು. ಇಲ್ಲಿ ಎಷ್ಟು ಬೀಳಬೇಕೆಂದು ತಿಳಿಸಿದರೂ ಆದೀತು. ನನಗೆ ಅವನೂ ಬೇಕು, ಅಪ್ಪನೂ ಬೇಕು. ಇಬ್ಬರಲ್ಲಿ ಒಬ್ಬರನ್ನು ಆರಿಸಲು ನನ್ನಿಂದಾಗದು.

ತಮ್ಮ ವಿಶ್ವಾಸಿ,
ದೀಕ್ಷಿತಾ

ವಿ.ಸೂ.: ಯಾರ ಶಾಸ್ತ್ರಕ್ಕೂ ಜಗಳವಾಗದಿರಲೆಂದು ವಿಶೇಷ ವಿವಾಹ ಕಾಯ್ದೆಯಡಿ ನೋಟಿಸು ಕೊಟ್ಟಿದ್ದೇವೆ, ನೋಂದಣಿ ಕಚೇರಿಯ ಫಲಕದಲ್ಲಿ ನಮ್ಮ ಹೆಸರುಗಳಿವೆ. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಸ್ವಂತ ಹೆಸರು ಬರೆದು ಸಹಿ ಹಾಕಬೇಕಂತೆ. ಇಪ್ಪತ್ತಾರು ದಿನವಾಯಿತು, ತಾವಿನ್ನೂ ಬಂದಿಲ್ಲ. ಈ ಪತ್ರ ಬರೆದು ಮುಗಿಸುವಷ್ಟರಲ್ಲಿ ಅಪ್ಪ ಹೋಗಿ ಫಲಕ ಓದಿ ಬಂದರು. ಸಾಕ್ಷಿಗಳಲ್ಲಿ ಒಬ್ಬರು ಕಡಿಮೆ ಇದ್ದರೆ ತನ್ನನ್ನು ಸೇರಿಸು ಎಂದಿದ್ದಾರೆ. ತಮ್ಮನ್ನು ಕೇಳಲು ಮರೆತರಂತೆ, ಕ್ಷಮೆಯಿರಲಿ.